ಕೊಂಬಿನ ಹಳದಿ

ಬೆಂಗಳೂರು, ವಿದ್ಯಾರ್ಥಿನಿಲಯ, ಕೊಠಡಿ ೧೪
೪-೮-೧೯೬೩

ಶ್ರೀ ಶಫೀವುಲ್ಲಾ ಸಾಹೇಬರಿಗೆ,

ನಾನು ಮಧುಗಿರಿಯ ಗಂಗಲಕ್ಷ್ಮಮ್ಮನವರ ಮಗ ನಂದೀಶ್ವರ. ಈ ವರ್ಷ ಇಲ್ಲಿ ಬಿ.ಎಸ್ಸಿ. ಮೊದಲನೇ ವರ್ಷಕ್ಕೆ ಸೇರಿದ್ದೇನೆ. ಹೋದ ವಾರ ನಮ್ಮ ಕೊಟ್ಟಿಗೆಯಿಂದ ಲಾರಿಯಲ್ಲಿ ನಿಮ್ಮ ಅಂಗಡಿಗೆ ಬಂದ ಮೋಟಾರ್ ಸೈಕಲ್ ನನ್ನ ತಂದೆ, ದಿವಂಗತ ಸಿದ್ದಗಂಗಯ್ಯನವರದು. ಅವರು ದನಗಳಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ನೌಕರಿಯಲ್ಲಿದ್ದರು ಎಂಬುದು ನಿಮಗೆ ಗೊತ್ತಿರಬಹುದು. ನಾನು ನಾಲ್ಕು ವರ್ಷದವನಿದ್ದಾಗ ತೀರಿಕೊಂಡರು.

ಗಾಡಿಯನ್ನು ಬೆಂಗಳೂರಿನಲ್ಲೇ ಪೇಂಟ್ ಮಾಡಿಸಬೇಕೆಂದು ನನ್ನ ಪ್ಲಾನ್ ಇತ್ತು. "ಶಿರಾದ ಶಫೀವುಲ್ಲಾ ಬಿಟ್ಟು ಇನ್ನೊಬ್ಬರು ಅದನ್ನ ಮುಟ್ಟಕೂಡದು" ಎಂದು ಅಮ್ಮ ಹಟ ಹಿಡಿದರು. ಕಾರಣ ಹೇಳಲಿಲ್ಲ. ಇರಲಿ, ನೀವು ಹೆಸರಾದ ಕಸುಬುದಾರರು ಅಂತ ಕೇಳಿದ್ದೇನೆ.

ಈಗ ವಿಷಯ. ಇಲ್ಲಿನ ಹಳೇ ಪುಸ್ತಕದ ಅಂಗಡಿಯಲ್ಲಿ ಆ ಕಂಪನಿಯ ೧೯೩೧ರ ಕ್ಯಾಟಲಾಗ್ ಸಿಕ್ಕಿತು. ನಮ್ಮದು ಅದೇ ಮಾಡೆಲ್. ಅದರ ಪ್ರಕಾರ ಮೈಯೆಲ್ಲ ಬಾಟಲ್ ಗ್ರೀನ್, ಟ್ಯಾಂಕಿನ ಎರಡೂ ಬದಿಗೆ ಕೆನೆ ಬಣ್ಣದ ಪಟ್ಟೆ, ಪಟ್ಟೆಯ ಸುತ್ತ ಕೂದಲೆಳೆಯಷ್ಟು ಬಂಗಾರದ ಗೆರೆ. ಈಗಿರುವ ಹಳದಿಯನ್ನು ಕಬ್ಬಿಣ ಕಾಣುವವರೆಗೆ ಕೆರೆದು ತೆಗೆಯಬೇಕು, ಪ್ಲೀಸ್. ಯಾರೋ ತಿಳಿವಳಿಕೆಯಿಲ್ಲದವರು ಇಂಥ ಇಂಗ್ಲಿಷ್ ಮೆಷೀನಿಗೆ ಎತ್ತಿನ ಕೊಂಬಿಗೆ ಬಳಿಯುವ ಹಳದಿ ಬಳಿದು ಅದರ ಮರ್ಯಾದೆ ತೆಗೆದಿದ್ದಾರೆ. ಜನವರಿಯೊಳಗೆ ಕೆಲಸ ಮುಗಿಯಬೇಕು. ಎಲ್ಲ ಅಮ್ಮನ ಆಸೆಗಾಗಿ.

ನಿಮ್ಮ ವಿಶ್ವಾಸಿ,
ಎಸ್. ನಂದೀಶ್ವರ

ತಾ.ಕ.: ನನ್ನ ಮಾತಿನಲ್ಲಿ ಏನಾದರೂ ಹೆಚ್ಚುಕಡಿಮೆ ಇದ್ದರೆ ಕ್ಷಮಿಸಿ. ಆದರೆ ಗ್ರೀನ್ ಮಾತ್ರ ಗ್ರೀನೇ.


ಶಿರಾ
೧೩-೮-೧೯೬೩

ಮಗ ನಂದೀಶ್ವರನಿಗೆ ಶಫೀವುಲ್ಲಾನ ಆಶೀರ್ವಾದ.

ನಾನು ಬೋರ್ಡು ಬರೆಯುವವನು. ದೊಡ್ಡ ಅಕ್ಷರ ಬರೆದು ರೂಢಿ. ಅದಕ್ಕೇ ಕಾಗದ ಬೇಗ ತುಂಬುತ್ತದೆ, ಸಮಾಚಾರ ಕಡಿಮೆ ಇರುತ್ತದೆ.

ಗಾಡಿ ಬಂತು. ಹಳೇ ಗಾಡಿ ಬಂದರೆ ನಾನು ಮೊದಲು ಕಣ್ಣು ತೆಗೆಯುತ್ತೇನೆ. ಅಂದರೆ ಮರೆಯಲ್ಲಿ ಒಂದು ಕಡೆ, ಎಂಟಾಣೆ ಅಗಲ, ಉಪ್ಪು ಕಾಗದವನ್ನು ನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜುವುದು. ಒಂದೊಂದು ಕಾಲದ ಬಣ್ಣವೂ ಬಳೆಯ ಹಾಗೆ ಒಂದರೊಳಗೊಂದು ಕಾಣುತ್ತದೆ. ನಿಮ್ಮ ಟ್ಯಾಂಕಿನ ರಬ್ಬರ್ ಪ್ಯಾಡು ಬಿಚ್ಚಿ ಅದರ ಕೆಳಗೆ ಕಣ್ಣು ತೆಗೆದೆ. ಮೇಲೆ ಹಳದಿ, ಅದರ ಒಳಗೆ ಬಿಳಿ, ಬಿಳಿಯ ಒಳಗೆ ಹಸುರು, ಹಸುರಿನ ಅಡಿಗೆ ಎಲ್ಲಕ್ಕೂ ಮೊದಲು ಬಳಿಯುವ ಕೆಂಪು ಅಸ್ತರಿ, ನಡುವೆ ಕಬ್ಬಿಣ. ನಿನ್ನ ಪುಸ್ತಕ ಸುಳ್ಳು ಹೇಳಿಲ್ಲ. ಹಸುರು ಇದೆ.

ಆದರೆ ಆ ಹಸುರು ನಿಮ್ಮ ತಂದೆಯದಲ್ಲ.

ಹಳದಿ ಕೆರೆಯುವ ಕೆಲಸ ನನ್ನ ಕೈಲಿ ಆಗುವುದಿಲ್ಲ. ಇಂಜಿನ್ ಕೆಲಸ ನಮ್ಮ ಮೆಕ್ಯಾನಿಕ್ ಅಡವಯ್ಯ ನೋಡುತ್ತಾನೆ, ಅದಕ್ಕೆ ಅಡ್ಡಿಯಿಲ್ಲ. ನಿನಗೆ ಗಾಡಿಯ ನೆನಪು ಏನಿದೆ, ಬರೆ.

ಶಫೀವುಲ್ಲಾ


ಬೆಂಗಳೂರು
೨೫-೮-೧೯೬೩

ಸಾಹೇಬರೇ,

ನಿಮ್ಮ ಕಾಗದ ಮೂರು ಸಲ ಓದಿದೆ. ಅರ್ಥವಾಗಲಿಲ್ಲ. ಹಸುರು ಇದೆ ಅನ್ನುತ್ತೀರಿ, ಬಳಿಯುವುದಿಲ್ಲ ಅನ್ನುತ್ತೀರಿ. ನನ್ನ ತಂದೆಯದಲ್ಲ ಅಂದರೆ ಏನು? ಗಾಡಿ ಅವರದು, ಗಾಡಿಯ ಮೇಲೆ ಫ್ಯಾಕ್ಟರಿ ಹಾಕಿದ ಬಣ್ಣವೂ ಅವರದೇ ತಾನೆ? ಒರಿಜಿನಲ್ ಎಂಬ ಪದಕ್ಕೆ ಒಂದೇ ಅರ್ಥ. ನೀವು ಹಿರಿಯರು, ಆದರೆ ಲಾಜಿಕ್ ಎಂಬುದು ಎಲ್ಲರಿಗೂ ಒಂದೇ. ನಿಮಗೆ ಇಷ್ಟವಿಲ್ಲದಿದ್ದರೆ ಸ್ಪಷ್ಟವಾಗಿ ಹೇಳಿ, ಲಾರಿ ಕಳಿಸುತ್ತೇನೆ.

ನೆನಪು ಕೇಳಿದ್ದೀರಿ. ಒಂದೇ ಇದೆ. ಟ್ಯಾಂಕಿನ ಮೇಲೆ ಕೂರಿಸಿದ್ದರು. ಬಿಸಿಲಿಗೆ ಅದು ಕಾದಿತ್ತು. ಇಳಿಯುವಾಗ ಸೈಲೆನ್ಸರ್ ತಗಲಿ ಎಡಗಾಲು ಸುಟ್ಟಿತು. ಕಲೆ ಈಗಲೂ ಇದೆ. ಬಣ್ಣ ನೆನಪಿಲ್ಲ. ಅವರ ಮುಖವೂ ನೆನಪಿಲ್ಲ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ನಂದೀಶ್ವರ


ಶಿರಾ
೧೫-೯-೧೯೬೩

ಮಗ ನಂದೀಶ್ವರನಿಗೆ,

ಲಾರಿ ಕಳಿಸಬೇಡ. ಸ್ಪಷ್ಟವಾಗಿಯೇ ಹೇಳುತ್ತೇನೆ.

ಎತ್ತಿನ ಕೊಂಬಿಗೆ ಬಳಿಯುವ ಹಳದಿ ಅಂತ ಬರೆದಿದ್ದೆಯಲ್ಲ, ಗೊತ್ತಿಲ್ಲದೆಯೂ ಸರಿಯಾಗಿ ಹೇಳಿದೆ. ಅದು ಅದೇ ಹಳದಿ. ಬಳಿದ ತಿಳಿವಳಿಕೆಯಿಲ್ಲದವನು ನಾನು.

೧೯೩೮ನೇ ಇಸವಿ. ಆ ಗಾಡಿ ಮೊದಲು ಅಬಕಾರಿ ಸಾಹೇಬರೊಬ್ಬರದು. ಶಿರಾದಿಂದ ಪಾವಗಡದವರೆಗೆ ಈಚಲ ಮರ ಇರುವಲ್ಲೆಲ್ಲ ಆ ಹಸುರು ಗಾಡಿ ಹೋಗಿದೆ. ಅದು ದೂರದಲ್ಲಿ ಕಂಡರೆ ಸಾಕು, ಕಳ್ಳ ಹೆಂಡದ ಮಡಕೆಗಳು ತಿಪ್ಪೆ ಸೇರುತ್ತಿದ್ದವು. ಗಂಡಸರು ದನ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದರು. ದನ ಮೇಯಿಸೋಕೆ ಹೋಗಿದ್ದೆ ಸ್ವಾಮಿ, ನನಗೇನೂ ಗೊತ್ತಿಲ್ಲ ಅಂತ ಹೇಳುವುದಕ್ಕೆ. ಸಾಹೇಬರಿಗೆ ವರ್ಗವಾಯಿತು. ಗಾಡಿಯನ್ನು ನಿಮ್ಮ ತಂದೆ ತಗೊಂಡರು. ಅಲ್ಲೇ ಎಡವಟ್ಟಾಯಿತು.

ಒಂದು ದಿನ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತರು. ಮೈಯೆಲ್ಲ ದೂಳು. "ಶಫೀ, ಹುಲಿಕುಂಟೆಗೆ ಹೋಗಿದ್ದೆ ಕಣಯ್ಯಾ. ಊರೊಳಗೆ ಒಂದು ನರಪಿಳ್ಳೆ ಇಲ್ಲ. ಜನ ಇಲ್ಲ, ದನ ಇಲ್ಲ. ಒಬ್ಬಳು ಮುದುಕಿ ಜಗಲಿ ಮೇಲೆ ಕೂತು, ನಮ್ಮನೇಲಿ ಏನೂ ಇಲ್ಲ ಸ್ವಾಮಿ, ಬೇಕಾದ್ರೆ ಗುಡಾಣ ಬಗ್ಗಿ ನೋಡ್ಕಳಿ ಅಂತಾಳೆ. ದನಕ್ಕೆ ಸೂಜಿ ಹಾಕೋಕೆ ಹೋದೋನು ನಾನು, ಗುಡಾಣ ಬಗ್ಗಿ ನೋಡಿ ಏನ್ಮಾಡ್ಲಿ?"

ನಾನು ನಕ್ಕೆ. ಅವರು ನಗಲಿಲ್ಲ. ಆ ವರ್ಷ ದನಗಳಿಗೆ ದೊಡ್ಡರೋಗ ಬಂದಿತ್ತು. ಸೂಜಿ ಬೀಳದ ಒಂದು ಹಟ್ಟಿಯಲ್ಲಿ ಎಂಟು ದಿನಕ್ಕೆ ನಲವತ್ತು ದನ ಹೋದವು. ಇವರ ಪೆಟ್ಟಿಗೆಯಲ್ಲಿ ಮದ್ದು ಇತ್ತು. ಗಾಡಿಯ ಬಣ್ಣ ನೋಡಿ ದನ ಓಡಿದ್ದವು.

ಸಂಕ್ರಾಂತಿಗೆ ಕೊಂಬಿಗೆ ಹಚ್ಚಲು ಕಲಸಿಟ್ಟ ಹಳದಿ ಅಂಗಡಿಯಲ್ಲಿತ್ತು. ಮೈಲಿ ದೂರದಿಂದ ಕಾಣುವ ಬಣ್ಣ. ಅದನ್ನೇ ನೇರವಾಗಿ ಹಸುರಿನ ಮೇಲೆ ಬಳಿದೆ. ಹಸುರು ಒಳಗಿನಿಂದ ಎದ್ದು ಗಾಡಿ ನಿಂಬೆಕಾಯಿ ಬಣ್ಣಕ್ಕೆ ತಿರುಗಿತು. ಹುಲಿಕುಂಟೆಯವರು ಮತ್ತೆ ಓಡಿದರು. ಎರಡನೇ ಸಲ ಅದನ್ನು ಕೆರೆದು, ಬಿಳಿ ಕೊಟ್ಟು, ಒಣಗಿದ ಮೇಲೆ ಹಳದಿ ಕೊಟ್ಟೆ. ಆಮೇಲೆ ನೋಡು, ಹಳದಿ ಗಾಡಿ ಕಂಡರೆ ಹಗ್ಗ ಹಿಡಿದು ದನ ಹೊರಗೆ ಕಟ್ಟುತ್ತಿದ್ದರು.

ಈಗ ಲಾಜಿಕ್ ನೀನೇ ಹೇಳು.

ಶಫೀವುಲ್ಲಾ


ಬೆಂಗಳೂರು
೨-೧೦-೧೯೬೩

ಸಾಹೇಬರೇ,

ನಾನು ಬರೆದ ಮಾತಿಗೆ ನಾಚಿಕೆಯಾಗಿದೆ. ಕ್ಷಮಿಸಿ ಎಂದು ತಾ.ಕ. ಹಾಕಿ ಬರೆಯುವಂಥದ್ದಲ್ಲ, ಆದ್ದರಿಂದ ಮೊದಲೇ ಬರೆಯುತ್ತಿದ್ದೇನೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಅಮ್ಮನಿಗೆ ಯಾವ ಆಸೆಯೂ ಇಲ್ಲ. ಜನವರಿ ೧೯, ಭಾನುವಾರ, ಇಲ್ಲಿ ಹಳೇ ಮೋಟಾರು ವಾಹನಗಳ ಎಕ್ಸಿಬಿಷನ್ ಇದೆ. ನಮ್ಮ ಹಾಸ್ಟೆಲಿನ ಹುಡುಗರ ಮನೆಗಳಲ್ಲಿ ಕಾರಿವೆ, ಪಿಯಾನೋ ಇದೆ. ನಾನು ಊಟಕ್ಕೆ ಕೂತರೆ "ಮಧುಗಿರಿ, ನಿಮ್ಮೂರಿಗೆ ಬಸ್ ಬರತ್ತಾ, ಇಲ್ಲ ನೀವೇ ತಳ್ಕೊಂಡು ಬರ್ತೀರಾ?" ಅನ್ನುತ್ತಾರೆ. ಒಂದು ದಿನ ತಡೆಯಲಾಗದೆ, ನಮ್ಮ ತಂದೆಯ ಇಂಗ್ಲಿಷ್ ಮೋಟಾರ್ ಸೈಕಲ್ ಒರಿಜಿನಲ್ ಕಂಡಿಷನ್‌ನಲ್ಲಿದೆ ಎಂದುಬಿಟ್ಟೆ. ಫಾರಂ ಕೂಡ ತುಂಬಿದೆ. ರೂಲ್ ನಂಬರ್ ಸಿಕ್ಸ್ ಹೀಗಿದೆ: ಬಣ್ಣ ಕಂಪನಿಯದೇ ಆಗಿರಬೇಕು. ಹಳದಿ ಗಾಡಿ ತಂದರೆ ಗೇಟಿನಲ್ಲೇ ವಾಪಸ್. ಆಮೇಲೆ ಮೂರು ವರ್ಷ ನಾನು ಈ ಮೆಸ್ಸಿನಲ್ಲಿ ಊಟ ಮಾಡಬೇಕು.

ಅದಕ್ಕೆ ಒಂದು ಕಾಂಪ್ರಮೈಸ್. ಹಳದಿ ಕೆರೆಯಬೇಡಿ. ಅದು ಒಳಗೇ ಇರಲಿ. ಅದರ ಮೇಲೆ ಗ್ರೀನ್ ಕೊಡಿ. ಅಪ್ಪನ ಬಣ್ಣವೂ ಉಳಿಯುತ್ತದೆ, ನನ್ನ ಮಾತೂ ಉಳಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ?

ಇಷ್ಟಕ್ಕೂ ಗಾಡಿ ಈಗ ನನ್ನದು. ಗ್ರೀನ್ ಆಗಲೇಬೇಕು.

ನಂದೀಶ್ವರ


ಬೆಂಗಳೂರು
೧೦-೧೧-೧೯೬೩

ಸಾಹೇಬರೇ,

ಐದು ವಾರವಾಯಿತು. ಉತ್ತರವಿಲ್ಲ. ಕೋಪವೇ? ಕಾಯಿಲೆಯೇ? ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತೇನೆ. ಕೆಮಿಸ್ಟ್ರಿ ಟೆಸ್ಟಿನಲ್ಲಿ ನಪಾಸಾದೆ. ಒಂದು ಕಾರ್ಡು ಹಾಕಿ. ಬೈಯುವುದಾದರೆ ಬೈದು ಹಾಕಿ.

ನಂದೀಶ್ವರ


ಶಿರಾ
೨೦-೧೧-೧೯೬೩

ಮಗ ನಂದೀಶ್ವರನಿಗೆ,

ಕೋಪವೂ ಇಲ್ಲ, ಕಾಯಿಲೆಯೂ ಇಲ್ಲ. ಕೆಲಸ ಮಾಡುತ್ತಿದ್ದೆ. ಗಾಡಿ ನಿನ್ನದು, ನಿಜ. ಕೈ ನನ್ನದು, ಅದೂ ನಿಜ. ಅದಕ್ಕೇ ಅರ್ಧ ನಿನ್ನ ಮಾತು ಕೇಳಿದೆ, ಅರ್ಧ ಕೇಳಲಿಲ್ಲ.

ಗಾಡಿಯ ಎಡಮಗ್ಗುಲು ಪೂರಾ ಹಸುರು. ಕೆನೆ ಪಟ್ಟೆ ಇದೆ, ಬಂಗಾರದ ಗೆರೆ ಇದೆ. ಆ ಗೆರೆಗೆ ಅಳಿಲು ಬಾಲದ ಕುಂಚ ಬೇಕು, ಉಸಿರು ಹಿಡಿದು ಎಳೆಯಬೇಕು. ಈ ವಯಸ್ಸಿಗೂ ಒಂದೇ ಉಸಿರಿಗೆ ಎಳೆದೆ. ನಿನ್ನ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿದೆ. ಬಲಮಗ್ಗುಲು ಮುಟ್ಟಿಲ್ಲ. ಮಾಸಿದ ಹಳದಿ ಹಾಗೇ ಇದೆ.

ಅಡವಯ್ಯ ಇಂಜಿನ್ ಸರಿ ಮಾಡಿದ. ಓಡಿಸಿ ನೋಡಲು ಹುಲಿಕುಂಟೆ ಕಡೆ ಹೋದ. ಹೋಗುವಾಗ ಅಲ್ಲೊಂದು ಹಟ್ಟಿ ಎಡಕ್ಕೆ ಸಿಗುತ್ತದೆ. ಹಟ್ಟಿಯವರಿಗೆ ಕಂಡದ್ದು ಹಸುರು. ಇವನು ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸಾಬ್ರೇ, ಒಬ್ಳು ಮುದುಕಿ, ಎಂಬತ್ತಾದ್ರೂ ಇರಬೇಕು, ಹುಣಸೆಹಣ್ಣು ಬಿಡಿಸ್ತಾ ಕೂತಿದ್ಳು. ಗಾಡಿ ನೋಡಿದ್ದೇ ತಡ, ಬಂದ ಕಣ್ರೋ, ಬಂದ! ಅಂತ ಕೂಗ್ಕಂಡು ಹುಣಸೆಹಣ್ಣಿನ ಮಡಕೆನೇ ಸೆರಗಲ್ಲಿ ಮುಚ್ಕಂಡು ಒಳಕ್ಕೆ ಓಡಿದ್ಳು. ನಾನು ಗಾಡಿ ನಿಲ್ಸಿ ನಕ್ಕೂ ನಕ್ಕೂ ಸುಸ್ತಾಗ್ಬುಟ್ಟೆ."

ಬರುವಾಗ ಹಟ್ಟಿ ಬಲಕ್ಕೆ ಬಂತು. ಈ ಸಲ ಕಂಡದ್ದು ಹಳದಿ. ದೊಡ್ಡಹನುಮಯ್ಯ ಅಂತ ಒಬ್ಬ ಮುದುಕ, ನಿಮ್ಮ ತಂದೆ ಸೂಜಿ ಹಾಕುವಾಗ ಹೋರಿಗಳ ಮೂಗುದಾರ ಹಿಡಿಯುತ್ತಿದ್ದವನು, ಕೋಲು ಊರಿಕೊಂಡು ರಸ್ತೆಗೇ ಬಂದು ನಿಂತನಂತೆ. "ಏನ್ಲಾ ಅಡವಯ್ಯ, ಹೋಗ್ತಾ ಅಬಕಾರಿ ಸಾಹೇಬ, ಬರ್ತಾ ನಮ್ ಡಾಕ್ಟ್ರು! ಸಿದ್ದಗಂಗಯ್ಯನೋರ ಗಾಡಿಗೆ ಇದ್ಯಾವ ಯೇಸ ಕಟ್ಸಿದೀರ್ಲಾ? ತೆಗೀರಿ ಮೊದ್ಲು" ಅಂದನಂತೆ. ಆಮೇಲೆ ಹಳದಿ ಮಗ್ಗುಲನ್ನು ಎತ್ತಿನ ಮೈ ಸವರುವ ಹಾಗೆ ಸವರಿದನಂತೆ.

ಈಗ ಎಡಕ್ಕೆ ನಿನ್ನ ಕಂಪನಿ, ಬಲಕ್ಕೆ ನಿನ್ನ ಅಪ್ಪ. ಯಾವ ಕಡೆ ಮುಗಿಸಲಿ, ನೀನೇ ಬರೆ. ಬರೆದದ್ದನ್ನು ಮಾಡುತ್ತೇನೆ. ಈ ಸಲ ಎದುರು ಮಾತಾಡುವುದಿಲ್ಲ.

ಶಫೀವುಲ್ಲಾ


ಬೆಂಗಳೂರು
೮-೧೨-೧೯೬೩

ಸಾಹೇಬರೇ,

ನಿಮ್ಮ ಕಾಗದವನ್ನು ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಮುದುಕಿ ಓಡಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಒಬ್ಬ ಹೇಳಿದ: "ಬಿಡಯ್ಯಾ, ಇನ್ನೊಂದು ಸೈಡೂ ಗ್ರೀನ್ ಹೊಡೆಸು. ಯಾರಿಗೆ ಗೊತ್ತಾಗತ್ತೆ?"

ನಾನು ನಿಮಗೆ ಬರೆದ ಮಾತೇ. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. "ಆ ಮುದುಕಿಗೆ ಗೊತ್ತಾಗತ್ತೆ" ಎಂದೆ. "ದೊಡ್ಡಹನುಮಯ್ಯನಿಗೆ ಗೊತ್ತಾಗತ್ತೆ. ನಮ್ಮಪ್ಪನ ಗಾಡಿ ನೋಡಿ ಯಾರೂ ಓಡಬಾರದು." ಮತ್ತೊಬ್ಬ, "ಹಾಗಾದರೆ ಮಧುಗಿರಿ, ಎಕ್ಸಿಬಿಷನ್ನಿಗೆ ಎಷ್ಟು ಎತ್ತು ಕಟ್ಕೊಂಡು ಬರ್ತೀಯಾ?" ಎಂದ. "ಒಂದೇ. ಕೊಂಬು ಮಾತ್ರ ಹಳದಿ, ಹುಷಾರು" ಎಂದೆ. ಇಂಥ ಉತ್ತರ ನನಗೆ ಯಾವಾಗಲೂ ಮಾರನೇ ದಿನ ಹೊಳೆಯುತ್ತಿತ್ತು. ಈ ಸಲ ಆಗಲೇ ಬಂತು.

ಎರಡೂ ಮಗ್ಗುಲು ಹಳದಿ ಮಾಡಿ. ಎಕ್ಸಿಬಿಷನ್ನಿಗೆ ತರುತ್ತೇನೆ. ಹಿಂದಕ್ಕೆ ಕಳಿಸಿದರೆ ಕಳಿಸಲಿ.

ಎರಡು ಪ್ರಶ್ನೆ ಇವೆ. ಯಾವ ಹಳದಿ? ಈಗ ಮಾಸಿರುವುದೋ, ಅಥವಾ ೧೯೩೮ರಲ್ಲಿ ಹುಲಿಕುಂಟೆಯವರು ನೋಡಿದ್ದೋ? ಅವರು ನೋಡಿದ ಹಳದಿಯೇ ಆದರೆ ಅದು ಹೇಗಿತ್ತೆಂದು ಹೇಗೆ ತಿಳಿಯುವುದು? ಇನ್ನೊಂದು: ನೀವು ತೆಗೆದ ಕಣ್ಣನ್ನು ಮುಚ್ಚದೆ ಬಿಡಬಹುದೇ? ಎಲ್ಲ ಬಳೆಗಳೂ ಕಾಣಲಿ. ಹಸುರು ಇರಲೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ.

ನಿಮ್ಮ ಬಂಗಾರದ ಗೆರೆಯ ಮೇಲೆ ಬಣ್ಣ ಹೊಡೆಯಬೇಕಲ್ಲ, ಅದೊಂದು ಸಂಕಟ.

ನಂದೀಶ್ವರ


ಶಿರಾ
೨-೧-೧೯೬೪

ಮಗ ನಂದೀಶ್ವರನಿಗೆ,

ಗೆರೆಯ ಚಿಂತೆ ಬಿಡು. ಅದು ಒಳಗೆ ಇರುತ್ತದೆ. ಬಿಳಿಯನ್ನೂ ಕೊಟ್ಟಾಯಿತು, ನಿಂಬೆಕಾಯಿ ಆಗುವುದಿಲ್ಲ.

ಯಾವ ಹಳದಿ ಅಂತ ಕೇಳಿದೆ. ಅದು ಕೆಲಸ ಗೊತ್ತಿರುವವನು ಕೇಳುವ ಪ್ರಶ್ನೆ. ನನ್ನ ಅಂಗಡಿ ಬಾಗಿಲಿನ ಒಳಮಗ್ಗುಲು ನೀನು ನೋಡಿಲ್ಲ. ನಮ್ಮ ಅಬ್ಬಾನ ಕಾಲದಿಂದ, ಯಾವ ಬಣ್ಣ ಕಲಸಿದರೂ ಹೆಬ್ಬೆರಳಿನಲ್ಲಿ ಅಲ್ಲಿ ಒಂದು ಒತ್ತು ಒತ್ತಿ, ಪಕ್ಕದಲ್ಲಿ ಹೆಸರು ಬರೆಯುತ್ತೇವೆ. ಹಗಲೆಲ್ಲ ಬಾಗಿಲು ಗೋಡೆಗೆ ಒರಗಿರುವುದರಿಂದ ಅದಕ್ಕೆ ಬಿಸಿಲಿಲ್ಲ. ಮೇಲಿನಿಂದ ನಾಲ್ಕನೇ ಸಾಲಿನಲ್ಲಿ ಇದೆ: ಸಿದ್ದಗಂಗಯ್ಯ ಡಾಕ್ಟರು, ೧೯೩೮. ಪ್ಯಾಡಿನ ಕೆಳಗೆ ಉಳಿದದ್ದನ್ನೂ ಇದನ್ನೂ ಪಕ್ಕಪಕ್ಕ ಹಿಡಿದೆ. ಎರಡೂ ಒಂದೇ. ಹಳದಿಗೆ ಚಿಟಿಕೆ ಕಾವಿ ಬಿದ್ದಿದೆ. ಅದೇ ಪ್ರಕಾರ ಕಲಸಿದ್ದೇನೆ. ಈಗ ಬಾಗಿಲ ಮೇಲೆ ಅದರ ಪಕ್ಕ ಇನ್ನೊಂದು ಒತ್ತು ಬಿದ್ದಿದೆ, ನಿನ್ನ ಹೆಸರಿನಲ್ಲಿ. ಕಣ್ಣು ಮುಚ್ಚಿಲ್ಲ. ಪ್ಯಾಡು ಎತ್ತಿದರೆ ಕಾಣುತ್ತದೆ.

ಇನ್ನು, ನಾನೂ ಒಂದು ಮುಚ್ಚಿಟ್ಟಿದ್ದೆ. ಈ ಕವರಿನಲ್ಲಿ ಒಂದು ಹಳೇ ಹಾಳೆ ಇದೆ. ನಿಮ್ಮ ತಂದೆಗೆ ಮೇಲಧಿಕಾರಿಯೊಬ್ಬರಿಂದ ಬಂದ ಆರ್ಡರು. ಸರ್ಕಾರಿ ನೌಕರ ಕೊಂಬಿನ ಬಣ್ಣದ ಗಾಡಿಯಲ್ಲಿ ತಿರುಗುವುದು ಘನತೆಗೆ ಕುಂದು, ಹದಿನೈದು ದಿನದಲ್ಲಿ ಮೊದಲಿನ ಬಣ್ಣ ಮಾಡಿಸತಕ್ಕದ್ದು ಅಂತ ಇದೆ. ಮೂರು ಸಲ ಬಂತು. ಮೂರು ಸಲವೂ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೇ ಉತ್ತರ ಬರೆದರು. ಅದರ ನಕಲು ಹಾಳೆಯ ಹಿಂದೆ ಅವರ ಕೈಯಲ್ಲೇ ಇದೆ: "ಹಸುರು ಗಾಡಿಗೆ ದನ ಬರುವುದಿಲ್ಲ. ಹಳದಿಗೆ ಬರುತ್ತವೆ. ನಾನು ದನಗಳ ನೌಕರ." ಅವರಿಗೆ ಬಡ್ತಿ ಸಿಗಲಿಲ್ಲ. ಸಾಯುವವರೆಗೂ ಅದೇ ಕೆಲಸ, ಅದೇ ಗಾಡಿ. ನಿಮ್ಮ ಅಮ್ಮನಿಗೆ ಎಲ್ಲ ಗೊತ್ತು. ಅದಕ್ಕೇ ನನ್ನ ಹತ್ತಿರ ಕಳಿಸಿದರು.

ಇದನ್ನು ಆಗಸ್ಟಿನಲ್ಲೇ ಕಳಿಸಬಹುದಿತ್ತು. ಕಳಿಸಿದ್ದರೆ ನೀನು ಅಪ್ಪನಿಗೆ ಹೆದರಿ ಹಳದಿ ಅನ್ನುತ್ತಿದ್ದೆ. ನೀನಾಗೇ ಅನ್ನಲಿ ಅಂತ ಕಾದೆ. ಕೆಮಿಸ್ಟ್ರಿ ನಪಾಸಾದದ್ದಕ್ಕೆ ನಾನು ಹೊಣೆಯಲ್ಲ.

ಸಂಕ್ರಾಂತಿಗೆ ಬಾ. ಅದೇ ಡಬ್ಬಿಯಲ್ಲಿ ಮಿಕ್ಕ ಬಣ್ಣ ಎತ್ತುಗಳ ಕೊಂಬಿಗೆ ಹೋಗುತ್ತದೆ.

ಶಫೀವುಲ್ಲಾ


ಮಧುಗಿರಿ
೨೧-೧-೧೯೬೪

ಶಫೀವುಲ್ಲಾ ಚಾಚಾ ಅವರಿಗೆ,

ಹೀಗೆ ಕರೆದದ್ದಕ್ಕೆ ಅನುಮತಿ ಕೇಳುತ್ತಿಲ್ಲ. ಅಮ್ಮ, ಹಾಗೇ ಕರೆಯಬೇಕು ಎಂದರು.

ಭಾನುವಾರದ ಸಮಾಚಾರ. ಲೈಸೆನ್ಸ್ ಅಡವಯ್ಯನವರದು, ಆದ್ದರಿಂದ ಅವರು ಓಡಿಸಿದರು, ನಾನು ಹಿಂದೆ ಕೂತಿದ್ದೆ. ಗೇಟಿನ ಹತ್ತಿರ ಟೈ ಕಟ್ಟಿದ ಒಬ್ಬ ಹಿರಿಯರು ಫಾರಂ ಕೊಟ್ಟರು. 'ಬಣ್ಣ' ಎಂಬಲ್ಲಿ ಎರಡು ಮನೆ: ಒರಿಜಿನಲ್, ಬದಲಾಯಿಸಿದ್ದು. ನಾನು ಒರಿಜಿನಲ್ ಎಂಬುದಕ್ಕೆ ಗುರುತು ಹಾಕಿದೆ. ಅವರು ನಕ್ಕು ಹೊಡೆದು ಹಾಕಿದರು. ಮತ್ತೆ ಹಾಕಿದೆ. ಮತ್ತೆ ಹೊಡೆದರು. ಪ್ಯಾಡು ಎತ್ತಿ ಕಣ್ಣು ತೋರಿಸಿದೆ. ಬಗ್ಗಿ ನೋಡಿ, "ಹಸುರು ಇದೆಯಲ್ಲಪ್ಪಾ, ನೀನೇ ಒಪ್ಪಿಕೊಂಡ ಹಾಗಾಯಿತು" ಎಂದರು.

"ಸರ್, ಹಸುರು ಗಾಡಿಗೆ ದನ ಬರೋದಿಲ್ಲ" ಎಂದೆ. ಇಂಗ್ಲಿಷಿನಲ್ಲಿ ಹೇಳಲು ತಯಾರಾಗಿ ಹೋಗಿದ್ದೆ, ಬಾಯಿಗೆ ಕನ್ನಡವೇ ಬಂತು. ಮೂರನೇ ಸಲ ಗುರುತು ಹಾಕಿ ಫಾರಂ ಅವರ ಕೈಯಲ್ಲಿಟ್ಟೆ.

ಒಳಗೆ ಬಿಡಲಿಲ್ಲ. ಅಡವಯ್ಯ, "ಗೇಟಿನ ಒಳಗೆ ನಿಲ್ಸಬಾರ್ದು, ಅಷ್ಟೇ ತಾನೆ ಸ್ವಾಮಿ? ಆಯ್ತು ಬುಡಿ, ಎದುರಿಗೆ ನಿಲ್ಸ್ಕತೀವಿ" ಎಂದು ರಸ್ತೆಯ ಆಚೆ ಮರದ ಕೆಳಗೆ ನಿಲ್ಲಿಸಿದರು. ಸಂಜೆವರೆಗೆ ಅಲ್ಲೇ ಇದ್ದೆವು. ಬಂದವರೆಲ್ಲ ಮೊದಲು ನಮ್ಮ ಗಾಡಿಯನ್ನೇ ನೋಡಿದರು. ದೂರದಿಂದ ಕಾಣುವ ಬಣ್ಣ ಅಲ್ಲವೇ? ನಾನು ಎಷ್ಟು ಸಲ ಪ್ಯಾಡು ಎತ್ತಿದೆನೋ, ಎಷ್ಟು ಸಲ ಹುಲಿಕುಂಟೆಯ ಕಥೆ ಹೇಳಿದೆನೋ. ಹಾಸ್ಟೆಲಿನವರು ಆರು ಜನ ಬಂದರು. ಎತ್ತಿನ ಮಾತು ಆಡಿದವನು ಬಗ್ಗಿ ಕಣ್ಣು ನೋಡಿದ, ಬೆರಳಿಟ್ಟು ಬಳೆ ಎಣಿಸಿದ, ಉಳಿದವರನ್ನೂ ಕರೆದು ತೋರಿಸಿದ.

ಮಾರನೇ ದಿನ ಕೊಳಾಲದ ದಾರಿಯಲ್ಲಿ ಊರಿಗೆ ಹೊರಟೆವು. ಕೊಳಾಲ ಒಂದು ಮೈಲಿ ಇದೆ ಅನ್ನುವಾಗ ಹೊಲದಲ್ಲಿ ಒಬ್ಬ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಓಡಿದಳು. ಬಣ್ಣ ತಪ್ಪಾಯಿತೇ, ನಿಂಬೆಕಾಯಿ ಕಂಡಿತೇ ಎಂದುಕೊಂಡೆ. ನಾವು ಹತ್ತಿರ ಬರುವಷ್ಟರಲ್ಲಿ ಅವಳು ಒಂದು ಕರುವನ್ನು ಹಗ್ಗ ಹಿಡಿದು ಎಳೆದುಕೊಂಡು ರಸ್ತೆಯ ನಡುವೆ ನಿಂತಿದ್ದಳು.

"ಎಷ್ಟು ವರ್ಸ ಆಯ್ತು ಸ್ವಾಮಿ ನೀವು ಬಂದು! ಬಾಯಲ್ಲಿ ನೊರೆ ಸುರೀತೈತೆ, ಎರಡು ದಿನದಿಂದ ಹುಲ್ಲು ಮುಟ್ಟಿಲ್ಲ. ಸೂಜಿ ತಂದಿದ್ದೀರಾ?" ಎಂದಳು. ನನ್ನ ಮುಖ ನೋಡಿ, "ಅವರ ಮಗನಾ?" ಎಂದಳು.

ಚಾಚಾ, ನನಗೆ ಗೊತ್ತಿಲ್ಲದ ಮುಖ ನನ್ನ ಮೇಲಿದೆ ಎಂದು ಆಗ ಗೊತ್ತಾಯಿತು.

ನಮ್ಮ ಹತ್ತಿರ ಸೂಜಿ ಎಲ್ಲಿಂದ ಬರಬೇಕು? ಅಡವಯ್ಯನವರನ್ನು ಕರುವಿನ ಹತ್ತಿರ ಇಳಿಸಿದೆ. "ಲೈಸೆನ್ಸು?" ಎಂದರು. "ಕರುವಿಗೆ ತೋರಿಸಿ" ಎಂದು ನಾನೇ ಗಾಡಿ ಹತ್ತಿದೆ. ಸಂಕ್ರಾಂತಿಗೆ ಶಿರಾಕ್ಕೆ ಬಂದಾಗ ನಿಮ್ಮ ಕೆರೆ ಅಂಗಳದಲ್ಲಿ ಓಡಿಸಿ ಕಲಿತಷ್ಟೇ ವಿದ್ಯೆ. ಕೊರಟಗೆರೆಯ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಬಂದೆ. ದಾರಿಯಲ್ಲಿ ಎರಡು ಕಡೆ ಜನ ದನ ಹಿಡಿದು ನಿಂತಿದ್ದರು. ಡಾಕ್ಟರು, "ಏನಯ್ಯಾ ಇದು, ಗಾಡಿಯೋ ಡಂಗುರವೋ?" ಎಂದರು. ಇಳಿದು ಎಲ್ಲ ದನಗಳನ್ನೂ ನೋಡಿದರು.

ಕರು ಉಳಿಯಿತು ಎಂದು ಇವತ್ತು ಹೇಳಿಕಳಿಸಿದ್ದಾರೆ.

ಗಾಡಿ ಇನ್ನು ಬೆಂಗಳೂರಿಗೆ ಹೋಗುವುದಿಲ್ಲ, ಮಧುಗಿರಿಯಲ್ಲೇ ಇರುತ್ತದೆ. ರಜೆಗೆ ಬಂದಾಗಲೆಲ್ಲ ಹೊರಗೆ ತೆಗೆಯುತ್ತೇನೆ. ಸೂಜಿ ಹಾಕಲು ನನಗೆ ಬರುವುದಿಲ್ಲ, ಸೂಜಿ ಹಾಕುವವರನ್ನು ಕರೆತರಲು ಬರುತ್ತದೆ. ಈ ಸಲ ಲೈಸೆನ್ಸ್ ಮಾಡಿಸಿಕೊಂಡೇ.

ಒಂದು ತಪ್ಪೊಪ್ಪಿಗೆ ಇದೆ. ಆ ಕರು ನರಳುತ್ತ ತಲೆ ಬೀಸಿದಾಗ ಅದರ ಎಳೆ ಕೊಂಬು ಟ್ಯಾಂಕಿನ ಎಡಬದಿಗೆ ತಗಲಿ ಗೇಣುದ್ದ ಗೀರು ಬಿದ್ದಿದೆ. ಹಳದಿ, ಬಿಳಿ ಎರಡೂ ಕಿತ್ತು ಹೋಗಿ ಒಳಗೆ ನಿಮ್ಮ ಬಂಗಾರದ ಗೆರೆಯ ತುಂಡೊಂದು ಹೊಳೆಯುತ್ತಿದೆ. ನೀವು ನೋಡಿದರೆ ಕುಂಚ ಹಿಡಿದು ಬರುತ್ತೀರಿ, ನನಗೆ ಗೊತ್ತು.

ಬರಬೇಡಿ. ಅದು ಹಾಗೇ ಇರುತ್ತದೆ.

ಇಂತಿ,
ಸಿದ್ದಗಂಗಯ್ಯನವರ ಮಗ
ನಂದೀಶ್ವರ